ಎದೆಯ ಭಾರ ಇಳಿಸಿದ ಮೇಲೆ: ಆರು ವಾರದ ನೋವಿನ ಲೆಕ್ಕ

ದೊಡ್ಡ ಸ್ತನಗಳ ಬಗ್ಗೆ ನಮ್ಮಲ್ಲಿ ಎರಡೇ ಥರದ ಮಾತು. ಒಂದು, ಸಿನಿಮಾ ಕಾಮಿಡಿಯ ಜೋಕು. ಇನ್ನೊಂದು, ಮನೆಯಲ್ಲಿ ಕೇಳಿಬರುವ "ವೇಲ್ ಸರಿ ಮಾಡ್ಕೋ". ಅದು ನೋಯುತ್ತದೆ ಎನ್ನುವ ಮಾತು ಮಾತ್ರ ಎಲ್ಲೂ ಬರುವುದಿಲ್ಲ.

ನನಗೆ ಹದಿನಾರನೇ ವಯಸ್ಸಿನಿಂದಲೇ ನೋಯುತ್ತಿತ್ತು. ಕತ್ತು, ಭುಜ, ಬೆನ್ನಿನ ಮೇಲ್ಭಾಗ. ಬ್ರಾ ಪಟ್ಟಿ ಕೂರುವ ಕಡೆ ಎರಡೂ ಭುಜದಲ್ಲಿ ಬೆರಳಿಟ್ಟರೆ ಕೂರುವಷ್ಟು ಗುಳಿ. ಬೇಸಿಗೆ ಬಂತೆಂದರೆ ಸ್ತನದ ಕೆಳಗಿನ ಮಡಿಕೆಯಲ್ಲಿ ಬೆವರಿ, ಕೆಂಪಾಗಿ, ಚರ್ಮ ಕಿತ್ತುಬರುತ್ತಿತ್ತು. ಕೆಲಸಕ್ಕೆ ಸೇರಿದ ಮೇಲೆ ಲ್ಯಾಪ್‌ಟಾಪ್ ಬ್ಯಾಗ್ ಬೇರೆ ಜತೆಯಾಯಿತು. ಎಲ್ಲರದೂ ಒಂದೇ ಉತ್ತರ: "ಕೂತು ಕೂತು ಕೆಲಸ ಮಾಡ್ತೀಯಲ್ಲ, ಅದಕ್ಕೇ." ಎಕ್ಸ್‌ರೇ ನಾರ್ಮಲ್. ಮಾತ್ರೆ, ಮುಲಾಮು, ಬೆಲ್ಟು, ಹೊಸ ಕುರ್ಚಿ ಎಲ್ಲ ಆಯಿತು. ಕೊನೆಗೆ ಫಿಸಿಯೋಥೆರಪಿ ಮಾಡಿಸುತ್ತಿದ್ದ ಮೇಡಂ ಒಬ್ಬರು ಬಾಗಿಲು ಹಾಕಿ ಬಂದು ಕೂತು ಕೇಳಿದರು: "ತಪ್ಪು ತಿಳ್ಕೋಬೇಡಿ. ಇದು ಎದೆಯ ಭಾರದಿಂದ ಇರಬಹುದು ಅಂತ ಯಾರಾದ್ರೂ ಹೇಳಿದ್ದಾರಾ?"

ಯಾರೂ ಹೇಳಿರಲಿಲ್ಲ. ನಾನೂ ಬಾಯಿ ಬಿಟ್ಟು ಯಾರನ್ನೂ ಕೇಳುವ ಹಾಗಿರಲಿಲ್ಲ.

ಅಲ್ಲಿಂದ ಒಂದು ವರ್ಷದ ನಂತರ, 29ನೇ ವಯಸ್ಸಿನಲ್ಲಿ, ಸ್ತನದ ಗಾತ್ರ ಕಡಿಮೆ ಮಾಡುವ ಆಪರೇಷನ್ ಮಾಡಿಸಿಕೊಂಡೆ. ಈಗ ಒಂಬತ್ತು ತಿಂಗಳಾಗಿದೆ. ಆಪರೇಷನ್‌ಗೆ ಮುಂಚೆ ಫೋನಿನಲ್ಲಿ ಎಷ್ಟು ಹುಡುಕಿದರೂ ಸಿಗುತ್ತಿದ್ದದ್ದು 'ಮೊದಲು, ಆಮೇಲೆ' ಅನ್ನುವ ಫೋಟೋಗಳೇ. ಆ ಎರಡು ಫೋಟೋಗಳ ನಡುವೆ ಯಾವ ದಿನ ಎಲ್ಲಿ ನೋಯುತ್ತದೆ, ಯಾವ ನೋವಿಗೆ ಹೆದರಬೇಕು, ಯಾವುದಕ್ಕೆ ಬೇಡ, ಇದು ಕನ್ನಡದಲ್ಲಂತೂ ಸಿಗಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಒಬ್ಬೊಬ್ಬರ ಮೈ ಒಂದೊಂದು ಥರ. ನಿಮ್ಮ ವಿಷಯದಲ್ಲಿ ನಿಮ್ಮ ಡಾಕ್ಟರ ಮಾತೇ ಕೊನೆ.

ಇದು ಅಂದಕ್ಕೆ ಮಾಡಿಸುವುದಾ?

"ಚೆನ್ನಾಗೇ ಇದ್ದೀಯಲ್ಲೇ, ಯಾಕೆ?" ಅಂದವರೇ ಹೆಚ್ಚು. ಮೈಗೆ ಹೊರಲಾಗದಷ್ಟು ಸ್ತನ ಬೆಳೆಯುವುದಕ್ಕೆ ವೈದ್ಯರ ಭಾಷೆಯಲ್ಲಿ ಮ್ಯಾಕ್ರೋಮಾಸ್ಟಿಯಾ ಎಂದು ಹೆಸರಿದೆ. ಅದರಿಂದ ಬರುವ ಕತ್ತು, ಭುಜ, ಬೆನ್ನು ನೋವಿಗೆ ಈ ಆಪರೇಷನ್ ಒಪ್ಪಿತ ಚಿಕಿತ್ಸೆ. ತೂಕ ಇಳಿಸಿದರೆ ಕೆಲವರಿಗೆ ಸ್ವಲ್ಪ ಕಡಿಮೆಯಾಗುತ್ತದೆ. ಆದರೆ ಸ್ತನದಲ್ಲಿ ಕೊಬ್ಬಿನ ಜತೆ ಗ್ರಂಥಿಯ ಭಾಗವೂ ಇರುವುದರಿಂದ ಎಲ್ಲರಿಗೂ ಹಾಗಾಗುವುದಿಲ್ಲ. ನಾನು ಎಂಟು ಕಿಲೋ ಇಳಿಸಿದಾಗ ಮುಖ ಇಳಿಯಿತು, ಸೊಂಟ ಇಳಿಯಿತು, ಭುಜದ ಗುಳಿ ಹಾಗೇ ಇತ್ತು.

ರೊಮೇನಿಯಾದ ಟೆನಿಸ್ ಆಟಗಾರ್ತಿ ಸಿಮೋನಾ ಹಾಲೆಪ್ 2009ರಲ್ಲಿ, ಹದಿಹರೆಯದಲ್ಲೇ ಇದನ್ನು ಮಾಡಿಸಿಕೊಂಡರು. ಮುಂದೆ ಅವರು 2018ರಲ್ಲಿ ಫ್ರೆಂಚ್ ಓಪನ್, 2019ರಲ್ಲಿ ವಿಂಬಲ್ಡನ್ ಗೆದ್ದರು. ನಮಗೆ ವಿಂಬಲ್ಡನ್ ಬೇಡ. ಮೆಟ್ರೋ ಹಿಡಿಯಲು ನಾಲ್ಕು ಹೆಜ್ಜೆ ಓಡಿದರೆ ಸಾಕು ಎನ್ನುವ ಆಸೆ ನನ್ನದು.

ಒಳಗೆ ಏನು ಮಾಡುತ್ತಾರೆ

ಪೂರ್ತಿ ಅರಿವಳಿಕೆ ಕೊಟ್ಟು ಮಾಡುವ ಆಪರೇಷನ್ ಇದು. ಸಾಮಾನ್ಯವಾಗಿ ಎರಡರಿಂದ ನಾಲ್ಕು ಗಂಟೆ ಹಿಡಿಯುತ್ತದೆ. ಹೆಚ್ಚಿನ ಕೊಬ್ಬು, ಗ್ರಂಥಿ, ಚರ್ಮ ತೆಗೆದು ಉಳಿದದ್ದನ್ನು ಮೇಲೆತ್ತಿ ಹೊಲಿಯುತ್ತಾರೆ. ಮೊಲೆತೊಟ್ಟನ್ನು ಕತ್ತರಿಸಿ ಬೇರೆ ಕಡೆ ಅಂಟಿಸುತ್ತಾರೆ ಎಂದು ತುಂಬ ಜನ ತಿಳಿದಿದ್ದಾರೆ. ಹೆಚ್ಚಿನವರಲ್ಲಿ ಹಾಗೆ ಮಾಡುವುದಿಲ್ಲ. ರಕ್ತನಾಳ, ನರ ಇರುವ ಒಂದು ಪಟ್ಟಿ ಮಾಂಸದ ಜತೆಗೇ ಅದನ್ನು ಮೇಲಕ್ಕೆ ಸರಿಸುತ್ತಾರೆ. ಗಾತ್ರ ಅತಿಯಾಗಿದ್ದಾಗ ಮಾತ್ರ ಬಿಡಿಸಿ ಕಸಿ ಮಾಡುವ ಸಂದರ್ಭ ಬರಬಹುದು. ಆಗ ಸ್ಪರ್ಶ ಮತ್ತು ಹಾಲುಣಿಸುವ ಶಕ್ತಿ ಹೋಗುತ್ತದೆ. ನಿಮಗೆ ಯಾವ ವಿಧಾನ ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ.

ನನ್ನ ಗಾಯ ಹಡಗಿನ ಲಂಗರಿನ ಆಕಾರದ್ದು. ತೊಟ್ಟಿನ ಸುತ್ತ ಒಂದು ಗೆರೆ, ಅಲ್ಲಿಂದ ನೇರ ಕೆಳಕ್ಕೆ ಒಂದು, ಕೆಳಗಿನ ಮಡಿಕೆಯಲ್ಲಿ ಅಡ್ಡಕ್ಕೆ ಒಂದು. ಬಲದಿಂದ 640 ಗ್ರಾಂ, ಎಡದಿಂದ 590 ಗ್ರಾಂ ತೆಗೆದರು. ತೆಗೆದದ್ದನ್ನು ಲ್ಯಾಬ್‌ಗೆ ಕಳಿಸಿ ಪರೀಕ್ಷೆ ಮಾಡಿಸಿದರು. ಎರಡೂ ಸೇರಿ ಒಂದೂಕಾಲು ಕಿಲೋ ಹತ್ತಿರ. ಅಂಗಡಿಯಲ್ಲಿ ಒಂದೂಕಾಲು ಕಿಲೋ ಅಕ್ಕಿ ಎತ್ತಿ ನೋಡಿದರೆ ಏನೂ ಅನ್ನಿಸುವುದಿಲ್ಲ. ಅದನ್ನು ಎರಡು ದಾರದಲ್ಲಿ ಭುಜಕ್ಕೆ ಕಟ್ಟಿಕೊಂಡು ಹದಿಮೂರು ವರ್ಷ ಓಡಾಡಿದರೆ ಗೊತ್ತಾಗುತ್ತದೆ.

ಮೊದಲ ಮೂರು ದಿನ

ಎಚ್ಚರವಾದಾಗ ಮೊದಲು ಬಂದದ್ದು ನೋವಲ್ಲ, ವಾಕರಿಕೆ. ಅರಿವಳಿಕೆಯದು. ಅದಕ್ಕೆ ಇಂಜೆಕ್ಷನ್ ಕೊಟ್ಟರು. ನೋವು ಆಮೇಲೆ ಬಂತು. ಚಾಕು ಹಾಕಿದ ಹಾಗೆ ಇರುತ್ತದೆ ಎಂದುಕೊಂಡಿದ್ದೆ, ಹಾಗಿರಲಿಲ್ಲ. ಎದೆಗೆ ಯಾರೋ ಒದ್ದೆ ಚರ್ಮ ಸುತ್ತಿ ಬಿಗಿದು, ಅದು ಒಣಗುತ್ತಿರುವ ಹಾಗೆ. ಉಸಿರು ಪೂರ್ತಿ ಎಳೆದರೆ ಬಿಗಿತ, ಕೆಮ್ಮಿದರೆ ಕಣ್ಣಲ್ಲಿ ನೀರು. ಎರಡು ಬದಿಯಲ್ಲೂ ಸಣ್ಣ ಪೈಪು ಹಾಕಿ, ಒಳಗೆ ಸೇರುವ ರಕ್ತ, ನೀರು ಹೊರಬರುವಂತೆ ಮಾಡಿದ್ದರು. ಎಲ್ಲ ಸರ್ಜನ್‌ಗಳೂ ಇದನ್ನು ಹಾಕುವುದಿಲ್ಲ. ನನಗೆ ಎರಡನೇ ದಿನ ತೆಗೆದರು. ತೆಗೆಯುವಾಗ ಮೂರು ಸೆಕೆಂಡ್ ವಿಚಿತ್ರ ಎಳೆತ, ಅಷ್ಟೇ.

ನೋವಿನ ಉತ್ತುಂಗ ಈ ಎರಡು ಮೂರು ದಿನ. ಇಲ್ಲಿ ನರ್ಸ್ ಹೇಳಿಕೊಟ್ಟ ಒಂದು ಮಾತು ನನ್ನನ್ನು ಕಾಪಾಡಿತು. "ನೋವು ಬಂದ ಮೇಲೆ ಮಾತ್ರೆ ಅಲ್ಲಮ್ಮ, ಟೈಮ್‌ಗೆ ಮಾತ್ರೆ." ಬರೆದುಕೊಟ್ಟ ಪ್ಯಾರಸಿಟಮಾಲ್ ಹೊತ್ತಿಗೆ ಸರಿಯಾಗಿ ತೆಗೆದುಕೊಂಡರೆ ನೋವು ತಲೆ ಎತ್ತುವುದೇ ಕಡಿಮೆ. ಸಹಿಸುವುದು ದೊಡ್ಡತನ ಎಂದು ಬೆಳೆದ ನಮಗೆ ಇದು ಕಷ್ಟ. ಆದರೆ ನೋವಿದ್ದರೆ ಉಸಿರು ಆಳವಾಗಿ ಎಳೆಯಲಾಗುವುದಿಲ್ಲ, ಎದ್ದು ನಡೆಯಲಾಗುವುದಿಲ್ಲ. ನಡೆಯದಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ. ನನ್ನನ್ನು ಅದೇ ದಿನ ಸಂಜೆ ಎಬ್ಬಿಸಿ ಬಾತ್‌ರೂಮ್‌ವರೆಗೆ ನಡೆಸಿದರು.

ಆ ಸಂಜೆ ಗಮನಿಸಿದ ಇನ್ನೊಂದು ವಿಷಯ: ಎದೆಯೆಲ್ಲ ನೋಯುತ್ತಿತ್ತು, ಕತ್ತು ಮಾತ್ರ ಹಗುರ.

ಅಮ್ಮನ 'ಬಾಣಂತನ'

ಅಮ್ಮ ಈ ಆಪರೇಷನ್‌ಗೆ ಒಪ್ಪಿರಲಿಲ್ಲ. "ದೇವರು ಕೊಟ್ಟಿದ್ದನ್ನ ಯಾರಾದ್ರೂ ಕುಯ್ಸಿಕೊಳ್ತಾರೇನೇ? ನಾಳೆ ಮಗು ಆದ್ರೆ ಹಾಲಿಗೆ ಏನ್ಮಾಡ್ತೀಯ?" ಎಂದು ಎರಡು ತಿಂಗಳು ಮಾತು ಬಿಟ್ಟಿದ್ದರು. ಆದರೂ ತುಮಕೂರಿನಿಂದ ಬಂದರು. ಬಂದವರು ಒಂದು ಬಾಣಂತನವನ್ನೇ ಶುರು ಮಾಡಿದರು. ಮೆಣಸಿನ ಸಾರು, ಹೆಸರುಬೇಳೆ ತೊವ್ವೆ, ಸಬ್ಬಸಿಗೆ ಸೊಪ್ಪಿನ ಪಲ್ಯ.

ಮೊದಲ ವಾರದ ನಿಜವಾದ ಶತ್ರು ಮಲಬದ್ಧತೆ. ಗಟ್ಟಿ ನೋವಿನ ಮಾತ್ರೆ, ಅರಿವಳಿಕೆ, ಮಲಗೇ ಇರುವುದು, ಎಲ್ಲ ಸೇರಿ ಹೊಟ್ಟೆ ಕಲ್ಲು. ಮುಕ್ಕಿದರೆ ಎದೆಯ ಹೊಲಿಗೆ ಎಳೆಯುತ್ತದೆ. ಪರಂಗಿಹಣ್ಣು, ಬಿಸಿನೀರು, ಡಾಕ್ಟರು ಕೊಟ್ಟ ಸಿರಪ್, ಇವನ್ನು ಮೊದಲ ದಿನದಿಂದಲೇ ಶುರುಮಾಡುವುದು ಒಳ್ಳೆಯದು.

ಮಲಗುವುದು ಅಂಗಾತವೇ, ಬೆನ್ನ ಹಿಂದೆ ಎರಡು ಮೂರು ದಿಂಬು ಒರಗಿಸಿ. ಮಗ್ಗುಲಾಗುವಂತಿಲ್ಲ, ಬೋರಲು ಮಲಗುವ ಮಾತೇ ಇಲ್ಲ. ಏಳುವಾಗ ಕೈ ಊರಿದರೆ ಎದೆಯ ಸ್ನಾಯು ಚುರ್ ಎನ್ನುತ್ತದೆ. ಕಾಲು ಕೆಳಗೆ ಬಿಟ್ಟು, ಹೊಟ್ಟೆಯ ಬಲದಲ್ಲಿ ಏಳುವುದನ್ನು ಮೊದಲೇ ಅಭ್ಯಾಸ ಮಾಡಿದ್ದರೆ ಅನುಕೂಲ. ತಲೆ ಮೇಲಿಂದ ಹಾಕುವ ಬಟ್ಟೆ ಆಗುವುದಿಲ್ಲ. ಮುಂದೆ ಗುಂಡಿ ಇರುವ ನೈಟಿ ನಾಲ್ಕು ಇಟ್ಟುಕೊಳ್ಳಿ. ಮುಂದೆ ಹುಕ್ ಇರುವ, ತಂತಿ ಇಲ್ಲದ ಬಿಗಿ ಬ್ರಾ ಹಗಲೂ ರಾತ್ರಿ. ನನಗೆ ಆರು ವಾರ ಹೇಳಿದ್ದರು.

ಐದನೇ ದಿನ ಒದ್ದೆ ಬಟ್ಟೆಯಲ್ಲಿ ಮೈ ಒರೆಸುವಾಗ ಅಮ್ಮನ ಬೆರಳು ನನ್ನ ಭುಜದ ಗುಳಿಯ ಮೇಲೆ ನಿಂತಿತು. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ತಮ್ಮ ರವಿಕೆಯ ಭುಜ ಸರಿಸಿ ತೋರಿಸಿದರು. ನನ್ನದಕ್ಕಿಂತ ಆಳವಾದ ಗುಳಿ, ಕಪ್ಪಾಗಿತ್ತು. ರಾತ್ರಿ ಕತ್ತಿಗೆ ಅಮೃತಾಂಜನ ಹಚ್ಚಿಕೊಂಡು ಮಲಗುವ ಅಮ್ಮನನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ಅದು ಬಿಂದಿಗೆ ಹೊತ್ತ ನೋವು ಎಂದು ಅವರೂ ನಂಬಿದ್ದರು, ನಾವೂ ನಂಬಿದ್ದೆವು.

"ನಂಗೆ ಈ ವಯಸ್ಸಲ್ಲಿ ಏನೂ ಬೇಡ ಕಣೇ," ಅಂದರು. "ಆದ್ರೆ ಇದಕ್ಕೊಂದು ಹೆಸರಿದೆ ಅಂತಾದ್ರೂ ಗೊತ್ತಾಯ್ತಲ್ಲ."

ಎರಡನೇ ವಾರ: ಕರೆಂಟ್ ಹೊಡೆದ ಹಾಗೆ

ಬಿಗಿತ ಇಳಿಯುತ್ತಾ ಬಂದ ಹಾಗೆ ಹೊಸ ನೋವೊಂದು ಬಂತು. ಸುಮ್ಮನೆ ಕೂತಿರುವಾಗ ತೊಟ್ಟಿನಿಂದ ಕಂಕುಳಿನ ಕಡೆಗೆ ಚಳಕ್ ಎಂದು ಕರೆಂಟ್ ಹೊಡೆದ ಹಾಗೆ. ಒಂದೆರಡು ಸೆಕೆಂಡ್, ಹೋಯಿತು. ಗಾಬರಿಯಾಗಿ ಫೋನ್ ಮಾಡಿದರೆ ಡಾಕ್ಟರು ಹೇಳಿದ್ದು: "ನರಗಳು ಚೇತರಿಸಿಕೊಳ್ತಿವೆ. ಒಳ್ಳೆಯದೇ." ಇದು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಇರಬಹುದು. ನನಗೆ ನಾಲ್ಕನೇ ತಿಂಗಳವರೆಗೂ ಆಗಾಗ ಬರುತ್ತಿತ್ತು. ಕೆಲವು ಕಡೆ ಮರಗಟ್ಟಿದ ಹಾಗೆ, ಕೆಲವು ಕಡೆ ಬಟ್ಟೆ ತಾಗಿದರೂ ಸಹಿಸಲಾಗದಷ್ಟು ಸೂಕ್ಷ್ಮ. ಗಾಯ ಒಣಗುವಾಗಿನ ತುರಿಕೆ ಬೇರೆ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಎಂಟನೇ ಹತ್ತನೇ ದಿನದ ಹೊತ್ತಿಗೆ ಕಾರಣವಿಲ್ಲದೆ ಅಳು ಬರುತ್ತದೆ. ಕನ್ನಡಿಯಲ್ಲಿ ಕಾಣುವುದು ಊದಿದ, ಹಳದಿ-ಹಸಿರು ಕಲೆಯ, ಮೇಲೆ ಚೌಕ ಕೆಳಗೆ ಚಪ್ಪಟೆಯಾದ ಅಪರಿಚಿತ ಎದೆ. "ಇದಕ್ಕಾ ಇಷ್ಟೆಲ್ಲ ಮಾಡಿಸಿಕೊಂಡೆ?" ಎನ್ನಿಸಿಬಿಡುತ್ತದೆ. ಆ ಆಕಾರ ಕೊನೆಯದಲ್ಲ. ಊತ ಪೂರ್ತಿ ಇಳಿದು ಸ್ತನ ತನ್ನ ಜಾಗದಲ್ಲಿ ಕೂರಲು ತಿಂಗಳುಗಳೇ ಬೇಕು. ಆಪರೇಷನ್ ಆದ ಮೇಲೆ ಮನಸ್ಸು ಕುಗ್ಗುವುದು ಸಾಮಾನ್ಯ. ವಾರಗಟ್ಟಲೆ ಮುಂದುವರಿದರೆ ಅದಕ್ಕೂ ಡಾಕ್ಟರಿದ್ದಾರೆ.

ಹದಿನಾರನೇ ದಿನ

ಅಡ್ಡ ಗೆರೆಗೆ ನೇರ ಗೆರೆ ಸೇರುವ ಮೂಲೆ ಇದೆಯಲ್ಲ, ಎಲ್ಲ ಎಳೆತವೂ ಬೀಳುವುದು ಅಲ್ಲಿಗೇ. ಹದಿನಾರನೇ ದಿನ ಬೆಳಿಗ್ಗೆ ಬ್ರಾ ಮೇಲೆ ಒದ್ದೆ ಕಲೆ. ನೋಡಿದರೆ ಎಡಗಡೆ ಆ ಮೂಲೆಯಲ್ಲಿ ಉಗುರಿನಷ್ಟು ಜಾಗ ಬಾಯಿ ಬಿಟ್ಟಿತ್ತು. ನನ್ನ ಜೀವ ಬಾಯಿಗೆ ಬಂತು. ಅಮ್ಮನ ಮುಖ ಬಿಳಿಚಿಕೊಂಡಿತು.

ಈ ಆಪರೇಷನ್‌ನಲ್ಲಿ ಆಗಾಗ ಕಾಣಿಸಿಕೊಳ್ಳುವ ತೊಂದರೆಗಳಲ್ಲಿ ಇದೂ ಒಂದು. ಡಾಕ್ಟರು ಮತ್ತೆ ಹೊಲಿಯಲಿಲ್ಲ. ದಿನಾ ಡ್ರೆಸಿಂಗ್ ಮಾಡುತ್ತಾ ಒಳಗಿನಿಂದ ತುಂಬಿಕೊಂಡು ಬರಲು ಬಿಟ್ಟರು. ಮೂರು ವಾರ ಹಿಡಿಯಿತು. ಆ ಮೂರು ವಾರ ನೋವಿಗಿಂತ ಹೆಚ್ಚಾಗಿ ಭಯ ಕಾಡಿತು. ಅಲ್ಲಿ ಗಾಯದ ಗುರುತು ಬಲಗಡೆಗಿಂತ ಸ್ವಲ್ಪ ಅಗಲ, ಈಗಲೂ ಇದೆ. ಸಿಗರೇಟು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇದ್ದವರಿಗೆ ಗಾಯ ತೆರೆದುಕೊಳ್ಳುವ ಅಪಾಯ ಜಾಸ್ತಿ. ಧೂಮಪಾನ ವಾರಗಳ ಮುಂಚೆಯೇ ನಿಲ್ಲಿಸಿ ಎಂದು ಡಾಕ್ಟರು ಹಟ ಹಿಡಿಯುವುದು ಅದಕ್ಕೇ.

ತಕ್ಷಣ ಫೋನ್ ಮಾಡಿ

ಮೇಲಿನದೆಲ್ಲ ಕಾಯಬಹುದಾದ ನೋವು. ಇವು ಕಾಯುವಂಥವಲ್ಲ, ಮಧ್ಯರಾತ್ರಿಯಾದರೂ ಸರಿ:

- ಒಂದೇ ಕಡೆ ದಿಢೀರ್ ಊದಿ, ಗಟ್ಟಿಯಾಗಿ, ನೋವು ಏರುತ್ತಲೇ ಹೋದರೆ. ಒಳಗೆ ರಕ್ತ ಸೇರುತ್ತಿರಬಹುದು. ಹೆಚ್ಚಾಗಿ ಮೊದಲ ಒಂದೆರಡು ದಿನದಲ್ಲಿ ಆಗುವಂಥದ್ದು.
- ತೊಟ್ಟು ನೀಲಿ ಅಥವಾ ಕಪ್ಪು ಬಣ್ಣಕ್ಕೆ ತಿರುಗಿದರೆ.
- ಜ್ವರ, ಚಳಿ, ಕೀವು, ಹರಡುತ್ತಾ ಹೋಗುವ ಕೆಂಪು.
- ಒಂದು ಕಾಲಿನ ಮೀನಖಂಡದಲ್ಲಿ ಊತ, ನೋವು.
- ಉಸಿರಾಟಕ್ಕೆ ಕಷ್ಟ, ಎದೆಯೊಳಗೆ ಚುಚ್ಚುವ ನೋವು. ಇದಕ್ಕೆ ಫೋನ್ ಅಲ್ಲ, 108.

ಆಫೀಸು, ಸ್ಕೂಟರ್, ನೀರಿನ ಕ್ಯಾನ್

ಕೂತು ಮಾಡುವ ಕೆಲಸಕ್ಕೆ ಸಾಮಾನ್ಯವಾಗಿ ಎರಡು ವಾರ ರಜೆ ಸಾಕು ಎನ್ನುತ್ತಾರೆ. ನಾನು ಎರಡು ವಾರ ರಜೆ ಹಾಕಿ, ಆಮೇಲೆ ಮೂರು ವಾರ ಮನೆಯಿಂದಲೇ ಕೆಲಸ ಮಾಡಿದೆ. ಮ್ಯಾನೇಜರ್‌ಗೆ ಹೇಳಿದ್ದು ಇಷ್ಟೇ: "ಒಂದು ಸರ್ಜರಿ ಇದೆ ಸರ್, ಆರು ವಾರ ಭಾರ ಎತ್ತೋ ಹಾಗಿಲ್ಲ." ಅವರು ಮುಂದೆ ಕೇಳಲಿಲ್ಲ, ನಾನು ಹೇಳಲಿಲ್ಲ. ಟೀಮಿನ ಇಬ್ಬರು ಹುಡುಗಿಯರಿಗೆ ಮಾತ್ರ ನಿಜ ಹೇಳಿದೆ. ಅವರಲ್ಲೊಬ್ಬಳು ಸಂಜೆ ಫೋನ್ ಮಾಡಿ, "ನಂದೂ ಅದೇ ಕಥೆ, ಡಾಕ್ಟರ್ ಹತ್ರ ಹೇಗೆ ಶುರು ಮಾಡಿದ್ರಿ?" ಎಂದು ಕೇಳಿದಳು.

ನಾಲ್ಕರಿಂದ ಆರು ವಾರ ಭಾರ ಎತ್ತುವಂತಿಲ್ಲ, ಕೈ ತಲೆಯ ಮೇಲಕ್ಕೆ ಚಾಚುವಂತಿಲ್ಲ. ಭಾರ ಎಂದರೆ ಜಿಮ್ ಡಂಬೆಲ್ ಅಷ್ಟೇ ಅಲ್ಲ. ಇಪ್ಪತ್ತು ಲೀಟರಿನ ನೀರಿನ ಕ್ಯಾನ್, ತುಂಬಿದ ಕುಕ್ಕರ್, ಲ್ಯಾಪ್‌ಟಾಪ್ ಬ್ಯಾಗ್. ಚಪಾತಿ ಲಟ್ಟಿಸುವುದು, ಮಿಕ್ಸಿ ಮುಚ್ಚಳ ಒತ್ತಿ ಹಿಡಿಯುವುದು, ಹಗ್ಗದ ಮೇಲೆ ಬಟ್ಟೆ ಒಣಹಾಕುವುದು, ಎಲ್ಲಕ್ಕೂ ಎದೆಯ ಸ್ನಾಯು ಬೇಕು. ಆಪರೇಷನ್‌ಗೆ ಮುಂಚೆಯೇ ಮೇಲಿನ ಶೆಲ್ಫಿನ ಡಬ್ಬಿಗಳನ್ನು ಕೆಳಗಿಳಿಸಿಡಿ.

ಸ್ಕೂಟರ್ ನಾನು ಏಳನೇ ವಾರ ಮುಟ್ಟಿದೆ. ನಿದ್ದೆ ತರುವ ಮಾತ್ರೆ ನಿಂತು, ಗಕ್ಕನೆ ಬ್ರೇಕ್ ಹಿಡಿದರೂ ನೋಯದು ಎಂದಾದ ಮೇಲೆಯೇ ಗಾಡಿ. ಅದರ ಮೇಲೆ ಬೆಂಗಳೂರಿನ ಗುಂಡಿ, ಹಂಪುಗಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಆಟೋದಲ್ಲಿ ಹೋದಾಗಲೂ ಎದೆಗೊಂದು ಸಣ್ಣ ದಿಂಬು ಒತ್ತಿ ಹಿಡಿದು ಕೂರುತ್ತಿದ್ದೆ.

ಇನ್ಶೂರೆನ್ಸ್ ಪೇಚು

ಹೆಲ್ತ್ ಪಾಲಿಸಿಗಳಲ್ಲಿ ಕಾಸ್ಮೆಟಿಕ್, ಪ್ಲಾಸ್ಟಿಕ್ ಸರ್ಜರಿಗೆ ಹಣ ಇಲ್ಲ ಎನ್ನುವ ಷರತ್ತು ಇರುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರದ ಪಟ್ಟಿಯಲ್ಲಿ ಅದರ ಕೋಡ್ ಎಕ್ಸ್‌ಕ್ಲ್08. ಅದೇ ಷರತ್ತಿನೊಳಗೆ ವಿನಾಯಿತಿಯೂ ಇದೆ: ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಪುನರ್‌ರಚನೆ, ಅಥವಾ ಆರೋಗ್ಯಕ್ಕೆ ನೇರ, ತಕ್ಷಣದ ಅಪಾಯ ತಪ್ಪಿಸಲು ಬೇಕಾದ ಚಿಕಿತ್ಸೆ ಎಂದು ವೈದ್ಯರು ದೃಢೀಕರಿಸಿದ್ದು. 'ತಕ್ಷಣದ ಅಪಾಯ' ಎಂಬ ಮಾತಿನಲ್ಲೇ ನಮ್ಮ ಕೇಸು ಸಿಕ್ಕಿಬೀಳುವುದು.

ನನ್ನ ವಿಮಾ ಕಂಪನಿ ಕ್ಯಾಶ್‌ಲೆಸ್ ನಿರಾಕರಿಸಿತು. ಆರ್ಥೋಪೆಡಿಕ್, ಚರ್ಮರೋಗ, ಫಿಸಿಯೋ ಮೂವರ ಪತ್ರ ಸೇರಿಸಿ ಮತ್ತೆ ಅರ್ಜಿ ಹಾಕಿದಾಗಲೂ ಇಲ್ಲ ಎಂದಿತು. ಎಫ್‌ಡಿ ಮುರಿಸಿ ಬಿಲ್ ಕಟ್ಟಿದೆ. ಈಗ ವಿಮಾ ಲೋಕಪಾಲರಿಗೆ ದೂರು ಕೊಟ್ಟಿದ್ದೇನೆ. ಅದಕ್ಕೆ ಶುಲ್ಕವಿಲ್ಲ. ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಕೊಡಬೇಕು. ನೀವು ಈ ದಾರಿ ಯೋಚಿಸುತ್ತಿದ್ದರೆ ಇವತ್ತಿನಿಂದಲೇ ನೋವಿನ ಪ್ರತಿ ಚೀಟಿ, ಪ್ರತಿ ಬಿಲ್ ಎತ್ತಿಡಿ. ಹಣ ಸಿಗುವುದೆಂದು ನಂಬಿ ದಿನ ಗೊತ್ತುಮಾಡಬೇಡಿ.

ಉಳಿಯುವುದು ಏನು

ಗಾಯದ ಗುರುತು ಉಳಿಯುತ್ತದೆ. ಮೊದಲು ಕೆಂಪು, ಆಮೇಲೆ ಕಂದು, ವರ್ಷ ಕಳೆಯುವಾಗ ತಿಳಿ. ಗಾಯ ಪೂರ್ತಿ ಮುಚ್ಚಿದ ಮೇಲೆ ಸಿಲಿಕೋನ್ ಜೆಲ್ ಹಚ್ಚಲು ಹೇಳಿದ್ದರು, ಹಚ್ಚುತ್ತಿದ್ದೇನೆ. ನಮ್ಮಂಥ ಕಂದು ಚರ್ಮಕ್ಕೆ ಗಾಯ ಉಬ್ಬಿ ಗಡ್ಡೆಗಟ್ಟುವ ಸ್ವಭಾವ ಹೆಚ್ಚು. ಕಿವಿ ಚುಚ್ಚಿಸಿದಾಗ ಹಾಗೆ ಆಗಿದ್ದರೆ ಮೊದಲೇ ತಿಳಿಸಿ.

ಬಲ ತೊಟ್ಟಿನಲ್ಲಿ ಸ್ಪರ್ಶ ಮರಳಿದೆ, ಎಡದಲ್ಲಿ ಅರ್ಧ ಮಾತ್ರ. ಅದು ಬರದೇ ಇರಬಹುದು ಎಂದು ಸಹಿ ಹಾಕುವ ಮುಂಚೆಯೇ ಹೇಳಿದ್ದರು. ಮುಂದೆ ಮಗುವಾದರೆ ಹಾಲು? ಬರಬಹುದು, ಕಡಿಮೆ ಬರಬಹುದು, ಬರದೆಯೂ ಇರಬಹುದು. ಅಮ್ಮನ ಆ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಮಕ್ಕಳು ಬೇಗ ಬೇಕು ಎನ್ನುವವರು ಬಾಣಂತನ ಮುಗಿಸಿ ಮಾಡಿಸುವ ಬಗ್ಗೆಯೂ ಡಾಕ್ಟರ ಜತೆ ಮಾತಾಡಬಹುದು, ಏಕೆಂದರೆ ಬಸಿರಿನಲ್ಲಿ, ತೂಕ ಏರಿದಾಗ ಗಾತ್ರ ಮತ್ತೆ ಬದಲಾಗುತ್ತದೆ. ಕೊಬ್ಬು ಗಟ್ಟಿಯಾಗಿ ಗಂಟು ಕಟ್ಟುವುದೂ ಉಂಟು. ಅದು ಅದೇ ಎಂದು ನಾವೇ ತೀರ್ಮಾನಿಸದೆ ಯಾವ ಗಂಟನ್ನಾದರೂ ತೋರಿಸಬೇಕು.

ಹೋದದ್ದು? ಸಂಜೆಯ ತಲೆನೋವು, ಮಡಿಕೆಯ ಹುಣ್ಣು, ಕತ್ತಿನ ಸೆಳೆತ. ಗೂನು ಹಾಕಿ ನಿಲ್ಲುವ ಅಭ್ಯಾಸ ಮಾತ್ರ ಆಪರೇಷನ್‌ನಿಂದ ಹೋಗಲಿಲ್ಲ. ಅದಕ್ಕೆ ಮೂರು ತಿಂಗಳ ನಂತರ ಅದೇ ಫಿಸಿಯೋ ಮೇಡಂ ಹತ್ತಿರ ಹೋಗಿ ವ್ಯಾಯಾಮ ಕಲಿತೆ.

ಆಪರೇಷನ್‌ನ ನೋವಿಗೆ ಒಂದು ಕ್ಯಾಲೆಂಡರ್ ಇತ್ತು. ಮೂರು ದಿನ, ಎರಡು ವಾರ, ಆರು ವಾರ. ಅದಕ್ಕೆ ಮುಂಚಿನ ಹದಿಮೂರು ವರ್ಷದ ನೋವಿಗೆ ಅಂಥದ್ದು ಇರಲಿಲ್ಲ. ಎಲ್ಲರಿಗೂ ಈ ಆಪರೇಷನ್ ಬೇಕು ಎಂದು ನಾನು ಹೇಳುತ್ತಿಲ್ಲ. ಕೆಲವರಿಗೆ ಸರಿಯಾದ ಅಳತೆಯ ಬ್ರಾ, ವ್ಯಾಯಾಮವೇ ಸಾಕಾಗಬಹುದು. ಆದರೆ ಮುಂದಿನ ಸಲ ಬೆನ್ನು ನೋವೆಂದು ಡಾಕ್ಟರ ಮುಂದೆ ಕೂತಾಗ ಭುಜದ ಗುಳಿಯನ್ನೂ ತೋರಿಸಿ. ಹೇಗೆ ಶುರು ಮಾಡುವುದು ಎಂದು ಗೆಳತಿ ಕೇಳಿದ್ದಳಲ್ಲ, ಅವಳಿಗೆ ನಾನು ಹೇಳಿಕೊಟ್ಟ ವಾಕ್ಯ ಇದು: "ಡಾಕ್ಟ್ರೇ, ನನ್ನ ಎದೆಯ ಭಾರದಿಂದ ಕತ್ತು ನೋಯ್ತಿದೆ ಅನ್ಸುತ್ತೆ, ನೋಡ್ತೀರಾ?" ಅವಳಿಗೆ ಮುಂದಿನ ಮಂಗಳವಾರ ಅಪಾಯಿಂಟ್‌ಮೆಂಟ್ ಇದೆ.